ಉಪ್ಪಿನ ಲೆಕ್ಕ

ಇದನ್ನು ಕಂದವಿ ಅಕ್ಷರದಲ್ಲಿ ಬರೆಯುತ್ತಿದ್ದೇನೆ,
ಅಜ್ಜ ಅಂಕೋಲೆಯಲ್ಲಿ ದೋಣಿ ಹತ್ತುವಾಗ
ಕಂಕುಳಲ್ಲಿ ಕಟ್ಟಿ ತಂದ ಅಕ್ಷರ.
ಬಾಗಿಲು ಹಾಕಿದೆ. ದೀಪಕ್ಕೆ ಮರೆ ಇಟ್ಟಿದೆ.
ಹೆಂಡತಿ ಮಲಗಿದವಳ ಹಾಗೆ ಮಲಗಿದ್ದಾಳೆ.

ನಾನು ದೊಡ್ಡಮನೆಯ ದುಭಾಷಿ.
ಯಾವ ದೊಡ್ಡಮನೆ ಅಂತ ಗೋವೆಯಲ್ಲಿ ಯಾರೂ ಕೇಳುವುದಿಲ್ಲ;
ದನಿ ತಗ್ಗುತ್ತದೆ, ಮಾತು ಮೀನಿನ ದರಕ್ಕೆ ತಿರುಗುತ್ತದೆ.
ಇಪ್ಪತ್ತೆರಡು ವರ್ಷ
ಅತ್ತವರ ಮಾತನ್ನು ಅಳದವರ ಭಾಷೆಗೆ ದಾಟಿಸಿದ್ದೇನೆ.
ಅಳು ದಾಟುವುದಿಲ್ಲ. ಬರೆಯುವವನು ಅಲ್ಲಿ
ಒಂದು ಗೆರೆ ಎಳೆದು ಮುಂದೆ ಹೋಗುತ್ತಾನೆ.

ಆಗಶಿಯ ಕ್ಲೆಮೆನ್ಸಿಯಾಳನ್ನು ತಂದದ್ದು ಫಾಲ್ಗುಣದಲ್ಲಿ.
ಫಾಲ್ಗುಣ ಅನ್ನಬಾರದು. ಮಾರ್ಸು ತಿಂಗಳಲ್ಲಿ.
ಮೇಜಿನ ಮೇಲೆ ಮೊಹರು ಒತ್ತಿದ ಒಂದು ಮಡಕೆ,
ಒಳಗೆ ಎಂಟು ದಿನದ ಹಿಂದಿನ ಅನ್ನ.
ವಿಚಾರಣೆಯವರು ಬೆರಳು ತಾಗಿಸಲಿಲ್ಲ, ನನ್ನನ್ನು ಕರೆದರು:
ರುಚಿ ನೋಡು.
ನೋಡಿದೆ.
ಹುಳಿ. ಬೂಸಲು. ಉಪ್ಪಿಲ್ಲ.
ಅಕ್ಕಿ ಬೇಯುವಾಗ ಉಪ್ಪು ಹಾಕದವಳು
ಹಳೆಯ ದೇವರ ಕಡೆಯವಳು, ಹಾಗಂತ ಆಜ್ಞೆಯಿದೆ.
ತುಳಸಿಗೂ ಒಂದು ಕಲಮು ಇದೆ, ಅದು ಬೇರೆ.

ಅವಳು ಹೇಳಿದ್ದು:
"ನಮ್ಮದು ಉಪ್ಪಿನ ಆಗರ, ಸ್ವಾಮಿ.
ಹಗಲೆಲ್ಲ ಬಾಚಿ ಬಾಚಿ ಉಗುರಲ್ಲಿ ಉಪ್ಪು, ತುಟಿಯಲ್ಲಿ ಉಪ್ಪು,
ಒಣಹಾಕಿದ ಸೀರೆಯೂ ಉಪ್ಪು.
ಅನ್ನವಾದರೂ ಬರೀ ಅನ್ನವಾಗಿರಲಿ ಅನ್ನಿಸುತ್ತದೆ."
ನಾನು ದಾಟಿಸಿದ್ದು: ಹಾಕಿಲ್ಲವೆಂದು ಒಪ್ಪಿಕೊಂಡಿದ್ದಾಳೆ.
ಸುಳ್ಳಲ್ಲ. ಒಂದಕ್ಷರವೂ ಸುಳ್ಳಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಒಂದು ಹಳದಿ ಅಂಗಿ, ಒಂದಿಷ್ಟು ದಂಡ.
ಆದರೆ ಮೈದುನ ಇನಾಸಿಯೂಗೆ ಬೇಕಿದ್ದದ್ದು ಅತ್ತಿಗೆಯ ಆತ್ಮವಲ್ಲ,
ಹೊಳೆದಂಡೆಯ ಆ ಒಂಬತ್ತು ಗದ್ದೆ ಉಪ್ಪು.
ಮರುದಿನ ಕಪಿತಾನನ ಆಳು ಒಂದು ಚೀಟಿ ತಂದ,
ಫೋಂಡೆಗೆ ಹೊರಟ ದೋಣಿಯಲ್ಲಿ, ಬುಟ್ಟಿಯ ತಳದಲ್ಲಿ ಸಿಕ್ಕಿದ್ದಂತೆ.
ಗಡಿಯಾಚೆ ಮರಾಠರ ಕುದುರೆಗಳು
ನೀರಿಗೆ ಇಳಿಯುತ್ತಿವೆ ಅಂತ ಊರೆಲ್ಲ ಗುಸುಗುಸು.
ಅರಮನೆಗೆ ನಿದ್ದೆಯಿಲ್ಲ,
ನಿದ್ದೆಯಿಲ್ಲದವರಿಗೆ ಯಾರಾದರೂ ಒಬ್ಬರು ಬೇಕು.

ಚೀಟಿ ಕಂದವಿಯಲ್ಲಿತ್ತು.
ಆ ಕೋಣೆಯಲ್ಲಿ ಓದಬಲ್ಲವನು ನಾನೊಬ್ಬ.
"ಹದಿನೇಳು ಖಂಡಿ ಉಪ್ಪು, ಹುಣ್ಣಿಮೆಯ ಒಳಗೆ.
ಉಳಿದದ್ದು ನೀರಿಳಿದ ಮೇಲೆ."
ಯಾರೋ ಗುಮಾಸ್ತನ ಕೈ. ಕೆಳಗೆ ಅವಳ ಗುರುತು:
ಒಂದು ಶಿಲುಬೆ.
ಹಿರಿಯರು ಕೇಳಿದರು, ಮಗುವನ್ನು ಕೇಳುವ ಹಾಗೆ, ಮೆತ್ತಗೆ:
ಉಪ್ಪು ಅಂದರೆ ಕೋವಿಯ ಮದ್ದು ಅಂತಲೂ ಆಗಬಹುದೆ
ನಿಮ್ಮ ಜನರ ಮಾತಿನಲ್ಲಿ?

ನಮ್ಮಲ್ಲಿ ಪೆಟ್ಲುಪ್ಪು ಅಂತ ಒಂದಿದೆ, ಮದ್ದಿಗೆ ಬೆರೆಸುವುದು.
ಚೀಟಿಯಲ್ಲಿ ಇದ್ದದ್ದು ಉಪ್ಪು. ಬರೀ ಉಪ್ಪು.
ನನಗೆ ಇಬ್ಬರು ಹೆಣ್ಣುಮಕ್ಕಳು.
ನನ್ನ ಹಿತ್ತಲಲ್ಲಿ, ಬಾಳೆಯ ಮರೆಗೆ, ಒಂದು ಗಿಡವಿದೆ.
ಪೋದ್ ಸೇರ್, ಅಂದೆ. ಆಗಬಹುದು.
ಅಡಿಕೆ ಉಗುಳಿದಷ್ಟು ಸಲೀಸು.

ಅನ್ನದಲ್ಲಿ ಉಪ್ಪಿಲ್ಲದ್ದಕ್ಕೆ ದೇವದ್ರೋಹ,
ಚೀಟಿಯಲ್ಲಿ ಉಪ್ಪಿದ್ದದ್ದಕ್ಕೆ ರಾಜದ್ರೋಹ.
ಗದ್ದೆ ಹರಾಜಿಗೆ ಬಂತು. ಕೂಗಿದವನು ಒಬ್ಬನೆ.

ಅವಳ ದಿನ ದೊಡ್ಡ ಗಂಟೆ ಹೊಡೆದಾಗ
ಜ್ವರ ಅಂತ ಮನೆಯಲ್ಲೇ ಉಳಿದೆ.
ಗಂಟೆ ಮನೆಗೇ ಬಂತು.
ಅದಕ್ಕೂ ಮೊದಲು, ತೀರ್ಪು ಓದಿದ ಮೇಲೆ,
ಅವಳು ನನ್ನ ಕಡೆ ತಿರುಗಿ ಏನೋ ಅಂದಿದ್ದಳು.
ಏನೆಂದಳು ಅಂತ ಅವರು ಕೇಳಿದರು.
ಪ್ರಾರ್ಥನೆ, ಅಂದೆ.

ಅವಳು ಕೇಳಿದ್ದು ಇಷ್ಟೆ:
"ನಿನ್ನ ಮನೆಗೆ ಉಪ್ಪು ಯಾವ ಆಗರದ್ದು, ಅಣ್ಣ?"

ಆಗಶಿಯದ್ದು.
ಇಪ್ಪತ್ತು ದಿನವಾಯಿತು, ನೀರು ಕುಡಿಯುತ್ತಲೇ ಇದ್ದೇನೆ.
ಹೆಂಡತಿ ಎದ್ದಳು, ಏನೂ ಕೇಳದೆ
ಇನ್ನೊಂದು ತಂಬಿಗೆ ಇಟ್ಟು ಮತ್ತೆ ಆ ಕಡೆ ತಿರುಗಿದಳು.

ಈ ಹಾಳೆಯನ್ನು ಬೆಳಗ್ಗೆ ಒಲೆಗೆ ಹಾಕಬೇಕು.
ಅಥವಾ ಉಪ್ಪಿನ ಮಡಕೆಯ ತಳಕ್ಕೆ.